ದೂರು ಪೆಟ್ಟಿಗೆಗೆ ಗಾಜು

ಮಾನ್ಯ ಕುಲಸಚಿವರಿಗೆ,

ವಿಶ್ವವಿದ್ಯಾಲಯದ ಬಡಗಿಯ ನಮಸ್ಕಾರ.

ಸೋಮವಾರ ತಪಾಸಣೆಯವರು ಬರುತ್ತಾರೆ, ಸಮಾನ ಅವಕಾಶ ಘಟಕದ ದೂರು ಪೆಟ್ಟಿಗೆಗೆ ಬಣ್ಣ ಹೊಡಿ ಎಂದಿರಿ. ಬೀಗದ ಕೈ ಕೇಳಿದರೆ ನಿಮ್ಮ ಗುಮಾಸ್ತರು ನಕ್ಕರು. “ಅದನ್ನ ತೆಗೆಯೋರು ಯಾರಪ್ಪಾ? ಸುಮ್ನೆ ಮೇಲೆ ಬಳಿದು ಕೈ ತೊಳ್ಕೋ.”

ಅರೆಬರೆ ಕೆಲಸ ನನಗೆ ಒಗ್ಗದು. ಬೀಗ ಒಡೆದೆ. ಒಳಗೆ ಮೂವತ್ತೊಂದು ಲಕೋಟೆಗಳಿದ್ದವು; ಒಂದನ್ನೂ ಯಾರೂ ಬಿಚ್ಚಿಲ್ಲ. ‘ದೂರುಗಳು: ಇಲ್ಲ’ ಎಂದು ನೀವು ವರ್ಷವರ್ಷ ಸಹಿ ಹಾಕಿದ ಹಾಳೆಗಳಿಗೆ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಿದವನೂ ನಾನೇ.

ತಳದ ಲಕೋಟೆಯ ಮೇಲಿನದು ನನ್ನ ಮಗಳ ಅಕ್ಷರ. “ಬಡಗಿ ಮಗಳಿಗೆ ಮೈಕ್ರೋಸ್ಕೋಪ್ ಯಾಕೆ, ಪೊರಕೆ ಹಿಡಿ ಅಂತಾರಪ್ಪಾ ಮೇಷ್ಟ್ರು. ದೂರು ಬರೆದು ಹಾಕಿದೀನಿ” ಅಂದಿದ್ದಳು, ಇಲ್ಲೇ ಓದುತ್ತಿದ್ದಾಗ. ಅಷ್ಟು ದೊಡ್ಡವರು ಹಾಗೆಲ್ಲ ಅನ್ನುತ್ತಾರೆಯೇ ಎಂದು ನಾನು ಅವಳನ್ನೇ ಗದರಿದೆ. ಅವಳು ಓದು ಬಿಟ್ಟಳು. ಆ ಲಕೋಟೆಯನ್ನು ನಾನು ಒಡೆದಿಲ್ಲ, ಓದಬೇಕಾದವರು ನೀವು.

ಬಣ್ಣ ಹೊಡೆದಿದ್ದೇನೆ. ಪೆಟ್ಟಿಗೆಯ ಮುಂಬದಿಯ ಹಲಗೆ ಕಿತ್ತು ಗಾಜು ಕೂರಿಸಿದ್ದೇನೆ. ಬಾಗಿಲಲ್ಲಿ ನಿಂತವರಿಗೂ ಲಕೋಟೆಗಳು ಕಾಣುತ್ತವೆ. ಹೊಸ ಬೀಗದ ಕೈ ಈ ಪತ್ರದೊಂದಿಗಿದೆ. ಇನ್ನೊಂದನ್ನು ಸೋಮವಾರ ತಪಾಸಣೆಯವರ ಕೈಗೇ ಕೊಡುತ್ತೇನೆ. ಗಾಜು ತೆಗೆಸುವುದಿದ್ದರೆ ಬೇರೆ ಬಡಗಿಯನ್ನು ನೋಡಿಕೊಳ್ಳಿ.

ಇಂತಿ,
ತಳದ ಲಕೋಟೆಯವಳ ಅಪ್ಪ