ನಿಂತಲ್ಲಿಂದ ಮೊದಲ ಹೆಜ್ಜೆ

ಮಾರ್ಚ್ ೧೪, ಭಾನುವಾರ

ಪ್ರೀತಿಯ ತಂಗೀ,

ನಿನ್ನ ಕಾಗದ ಬಂದು ಬಹಳ ದಿನಗಳಾದವು. ಅಕ್ಕ ಉತ್ತರವನ್ನೇ ಬರೆಯಲಿಲ್ಲವೆಂದು ನೀನು ಬೈದುಕೊಂಡಿದ್ದರೆ ತಪ್ಪೇನಿಲ್ಲ. ಬರೀ ಸಮಾಧಾನದ ಮಾತು ಬರೆಯಲು ನನಗೆ ಮನಸ್ಸಿರಲಿಲ್ಲ. ಕಾರಣ ಗೊತ್ತಾಗಲಿ ಎಂದು ಕಾದೆ. ಈಗ ಗೊತ್ತಾಗಿದೆ. ಇಲ್ಲಿ ನಾವು ಕ್ಷೇಮ. ಅಮ್ಮನ ಕೆಮ್ಮು ಇಳಿದಿದೆ, ದನಿ ಏರಿದೆ. ನೀನು ಬಿದ್ದದ್ದಕ್ಕೆ ಅವಳು ಇಂದಿಗೂ ನಿನ್ನ ಚಪ್ಪಲಿಯನ್ನೇ ಬೈಯುತ್ತಾಳೆ. "ಅದೇನು ಚಪ್ಪಲೀನಾ, ಸಾಬೂನಾ?" ಎನ್ನುತ್ತಾಳೆ.

ತಪ್ಪು ಚಪ್ಪಲಿಯದಲ್ಲ, ನಿನ್ನದೂ ಅಲ್ಲ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಉಳಿದದ್ದನ್ನು ನಿಧಾನವಾಗಿ ಓದು.

"ಬೋರ್ಡಿನ ಮುಂದೆ ಚಿತ್ರ ಬರೀತಾ ನಿಂತಿದ್ದೆ. ಮಕ್ಕಳ ಕಡೆ ಹೊರಟೆ. ಬಿದ್ದೆ" ಎಂದು ನೀನು ಬರೆದಿದ್ದೆ. ನಮ್ಮ ಕಂಪನಿಯಿಂದ ಬಂದ ಪರೀಕ್ಷಕರು ನಿನ್ನ ಕೃತಕ ಕಾಲನ್ನು ತಿರುಗಿಸಿ ನೋಡಿ, ಎಲ್ಲ ಸರಿಯಿದೆ, "ಧರಿಸಿದವರ ಅಜಾಗರೂಕತೆ" ಎಂದು ಬರೆದುಕೊಂಡು ಬಂದರು. ಅದಕ್ಕೆ ನಿನ್ನ ಸಹಿಯನ್ನೂ ಕೇಳಿದ್ದಾರೆ. ನೀನು ಕಾಲನ್ನು ಬೀರುವಿನೊಳಗಿಟ್ಟು ಊರುಗೋಲು ಹಿಡಿದೆ. ಆ ಮೊಣಕಾಲಿನೊಳಗಿನ ಪುಟ್ಟ ಕಂಪ್ಯೂಟರಿಗೆ ಕರ್ನೆಲ್ ಬರೆಯುವವಳು ನಾನು. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಕರ್ನೆಲ್ ಎಂದರೇನು ಎಂದು ನೀನು ಕೇಳಿದಾಗಲೆಲ್ಲ ನಾನು ಮಾತು ತೇಲಿಸಿದ್ದೇನೆ. ಇವತ್ತು ನಿನ್ನ ಚಿತ್ರದ ಕೋಣೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಮೊಣಕಾಲಿನಲ್ಲಿ ಹಲವು ಪ್ರೋಗ್ರಾಮುಗಳಿವೆ: ಒಂದು ನಡಿಗೆಯನ್ನು ನೋಡಿಕೊಳ್ಳುತ್ತದೆ, ಇನ್ನೊಂದು ಬ್ಯಾಟರಿಯನ್ನು. ಸರದಿ ಹಂಚುವುದು ಕರ್ನೆಲ್. ದಶಮಾಂಶದ ಲೆಕ್ಕ ಮಾಡಲು ಎಲ್ಲರಿಗೂ ಸೇರಿ ಇರುವುದು ಒಂದೇ ಜೊತೆ ರಿಜಿಸ್ಟರುಗಳು, ಎಂದರೆ ಅಂಕಿ ಇಟ್ಟುಕೊಳ್ಳುವ ಪುಟ್ಟ ಖಾನೆಗಳು. ಎಲ್ಲ ತರಗತಿಗೂ ಬಣ್ಣ ಕಲಸಲು ಒಂದೇ ತಟ್ಟೆ ಇದ್ದ ಹಾಗೆ. ಸರದಿ ಬದಲಾದಾಗ ಹಳಬರ ಬಣ್ಣವನ್ನು ಎತ್ತಿಡಬೇಕು, ಅವರು ಮತ್ತೆ ಬಂದಾಗ ಇದ್ದ ಹಾಗೆಯೇ ಹಾಕಿಕೊಡಬೇಕು.

ನನ್ನ ಪಕ್ಕದಲ್ಲಿ ಕೂರುವವನನ್ನು ನಾವು ಜಿಪುಣ ಎನ್ನುತ್ತೇವೆ. ಬ್ಯಾಟರಿಯ ಒಂದು ಹನಿಯನ್ನೂ ಚೆಲ್ಲಲು ಬಿಡುವವನಲ್ಲ. ಮುಂದಿನವರು ಬಣ್ಣ ಮುಟ್ಟುತ್ತಾರೋ ಇಲ್ಲವೋ, ಈಗಲೇ ಯಾಕೆ ಎತ್ತಿಡಬೇಕು ಎಂಬುದು ಅವನ ವಾದ. ತಟ್ಟೆಯನ್ನು ಹಾಗೆಯೇ ಬಿಟ್ಟು "ಇದು ನಡಿಗೆಯದು" ಎಂದು ಒಂದು ಚೀಟಿ ಅಂಟಿಸಿದ. ಬೇರೆಯವರು ಮುಟ್ಟಲು ಬಂದಾಗ ಮಾತ್ರ ಎತ್ತಿಡುವುದು. ಚೆನ್ನಾಗಿಯೇ ನಡೆಯಿತು. ಆಮೇಲೆ ಇನ್ನೊಂದು ತಂಡದವರು, ಕಾಲು ಅಲುಗದೆ ನಿಂತರೆ ಕಂಪ್ಯೂಟರ್ ನಿದ್ದೆ ಹೋಗಲಿ ಎಂದು ಏರ್ಪಾಡು ಮಾಡಿದರು. ನಿದ್ದೆಯಲ್ಲಿ ತಟ್ಟೆ ತೊಳೆದುಹೋಗುತ್ತದೆ. ಚೀಟಿ ಮಾತ್ರ ಉಳಿಯುತ್ತದೆ. ಎದ್ದ ನಡಿಗೆ ಚೀಟಿಯನ್ನು ನಂಬಿ ಕುಂಚ ಅದ್ದುತ್ತದೆ. ಮೊಣಕಾಲು ಎಷ್ಟು ಬಿಗಿಯಾಗಿರಬೇಕು ಎಂಬ ಸಂಖ್ಯೆ ಇರಬೇಕಾದಲ್ಲಿ ಸೊನ್ನೆ ಇರುತ್ತದೆ.

ನಮಗೆ ಇದು ಕಾಣದಿದ್ದದ್ದು ಯಾಕೆ ಗೊತ್ತೇ? ನಮ್ಮ ಪರೀಕ್ಷೆಯ ಕೋಣೆಯಲ್ಲಿ ಎಲ್ಲರೂ ನಡೆಯುತ್ತಾರೆ, ಹತ್ತುತ್ತಾರೆ, ಇಳಿಯುತ್ತಾರೆ. ಸಾಕಾದರೆ ಕಾಲು ಬಿಚ್ಚಿಟ್ಟು ಕೂರುತ್ತಾರೆ. ಸುಮ್ಮನೆ ನಿಲ್ಲುವುದನ್ನು ಯಾರೂ ಪರೀಕ್ಷಿಸಿರಲಿಲ್ಲ. ದಿನವಿಡೀ ನಿಂತು ಕೆಲಸ ಮಾಡುವ ಟೀಚರ್ ಒಬ್ಬಳು ಈ ಕಾಲು ಹಾಕಿಕೊಳ್ಳುತ್ತಾಳೆಂದು ನಮಗೆ ಹೊಳೆದಿರಲಿಲ್ಲ.

ನಿನ್ನ ಕಾಗದವನ್ನು ಮತ್ತೆ ಓದಿದ ದಿನ ಒಂದು ಕಾಲನ್ನು ಚೌಕಟ್ಟಿಗೆ ಬಿಗಿದು, ಭಾರ ಹೇರಿ, ಅಲುಗಿಸದೆ ನಿಲ್ಲಿಸಿದೆ. ಜಿಪುಣ ಊಟದ ಡಬ್ಬಿ ಹಿಡಿದು ಬಂದ.

"ಏನಕ್ಕಾ, ಕಾಲಿಗೆ ಶಿಕ್ಷೆ ಕೊಟ್ಟಿದ್ದೀರಾ?"

"ಹೂಂ. ತರ್ಲೆ ಮಾಡ್ತು, ನಿಲ್ಸಿದ್ದೀನಿ."

ಹೆಜ್ಜೆ ಹಾಕಿಸಿದೆ. ಮೊಣಕಾಲು ಕುಸಿಯಿತು. ಮತ್ತೆ ಮಾಡಿದರೆ ಸರಿಯಾಗಿ ನಡೆಯಿತು, ಇನ್ನೊಮ್ಮೆ ಕುಸಿಯಿತು. ನಿದ್ದೆಗೆ ಮುಂಚೆ ಕೊನೆಯ ಲೆಕ್ಕ ಬ್ಯಾಟರಿಯದಾಗಿದ್ದರೆ ನಡಿಗೆಯ ಬಣ್ಣವನ್ನು ಆಗಲೇ ಎತ್ತಿಟ್ಟಾಗಿರುತ್ತಿತ್ತು, ಕಾಲು ಕುಸಿಯುತ್ತಿರಲಿಲ್ಲ; ನಡಿಗೆಯದಾಗಿದ್ದರೆ ಬೀಳುತ್ತಿತ್ತು. ಜಿಪುಣ ಡಬ್ಬಿ ಮುಚ್ಚಿದ.

"ನನ್ನ ಚೀಟಿ ಅಕ್ಕಾ ಇದು."

"ಚೀಟಿ ನಿಮ್ದು, ನಿದ್ದೆ ಅವರದ್ದು. ಇಬ್ಬರನ್ನೂ ಕೂರಿಸಿ ಮಾತಾಡಿಸದೇ ಇದ್ದದ್ದು ಎಲ್ಲರದ್ದೂ. ಈಗ ಪ್ರತಿ ಸಲ ಎತ್ತಿಡೋಣ. ಚೀಟಿನೇ ಬೇಡ."

"ಬ್ಯಾಟರಿ ಬೇಗ ಇಳಿಯುತ್ತೆ…" ಎಂದವನು ತಾನೇ ತಡೆದುಕೊಂಡ. "ಇಳೀಲಿ ಬಿಡಿ. ಮನುಷ್ಯರು ಬೀಳೋದಕ್ಕಿಂತ ವಾಸಿ."

ನಮ್ಮ ಮೇಲಧಿಕಾರಿಗೆ ಎಲ್ಲವನ್ನೂ ತೋರಿಸಿದೆವು. ಅವರು ನೋಡಿದರು, ಒಪ್ಪಿದರು. ಒಪ್ಪಿದ ಮೇಲೆ ಬಾಗಿಲು ಹಾಕಿಸಿದರು.

"ಹೊಸ ಕಾಲುಗಳಿಗೆ ಹಾಕೋಣ. ಈಗಾಗ್ಲೇ ಹಾಕ್ಕೊಂಡಿರೋರಿಗೆ ಯಾಕೆ ಸುಮ್ನೆ ಗಾಬರಿ? ಬಿದ್ದಿರೋದು ನಿಮ್ಮ ತಂಗಿ ಒಬ್ರೇ ತಾನೇ?"

"ಬಿದ್ದೆ ಅಂತ ಬಾಯಿಬಿಟ್ಟು ಹೇಳಿದ್ದು ಅವಳೊಬ್ಳೇ, ಸಾರ್. ಉಳಿದವರು ಚಪ್ಪಲಿ ಬೈಕೊಂಡು ಸುಮ್ಮನಿರಬಹುದು."

"ನೋಡಿ, ತಂಗಿ ಮೇಲಿನ ಮಮತೇಲಿ ಮಾತಾಡ್ತಿದ್ದೀರಿ."

"ಮಮತೆ ಇದೆ ಸಾರ್. ಆದ್ರೆ ಆ ಚೌಕಟ್ಟಿಗೆ ಬಿಗಿದಿರೋ ಕಾಲು ನನಗೆ ನೆಂಟ ಅಲ್ಲವಲ್ಲ."

ಹೊಸ ಕರ್ನೆಲ್ ಹೊರಗೆ ಹೋಗಬೇಕಾದರೆ ನನ್ನ ಸಹಿ ಬೇಕು. ಎಲ್ಲರ ಕಾಲಿಗೂ ಅದು ತಲುಪುತ್ತದೆಂದು ಬರೆದುಕೊಡುವವರೆಗೆ, ನಿನ್ನ ಹೆಸರಿನ ಮುಂದಿನ "ಅಜಾಗರೂಕತೆ" ಎಂಬ ಪದವನ್ನು ಹೊಡೆದುಹಾಕುವವರೆಗೆ ನಾನು ಸಹಿ ಮಾಡುವುದಿಲ್ಲ. ನಾಳೆ ಎಲ್ಲರ ಸಭೆ ಇದೆ. ಜಿಪುಣನೂ ನನ್ನ ಪಕ್ಕ ಕೂರುತ್ತಾನೆ. ಕೆಲಸ ಹೋದರೆ ಹೋಗಲಿ ಎಂದು ವೀರಾವೇಶ ತೋರಿಸುತ್ತಿಲ್ಲ. ಈ ಕೆಲಸ ನನಗೆ ಬೇಕು, ಇಷ್ಟವೂ ಹೌದು. ಅಲ್ಲಿಯೇ ಕೂತು ಇದನ್ನು ಮುಗಿಸುತ್ತೇನೆ.

ನೀನೂ ಪರೀಕ್ಷಕರ ಆ ಕಾಗದಕ್ಕೆ ಸಹಿ ಹಾಕಬೇಡ. ಯಾರಾದರೂ ಒತ್ತಾಯ ಮಾಡಿದರೆ ಅಕ್ಕನನ್ನು ಕೇಳಿ ಎನ್ನು. ನಾನು ಬರುವವರೆಗೆ ಕಾಲು ಹಾಕಿಕೊಳ್ಳಲೂ ಬೇಡ. ಸರಿಮಾಡಿದ್ದನ್ನು ನಾನೇ ತಂದು ತುಂಬಿಸುತ್ತೇನೆ. ನಿನ್ನ ಬೋರ್ಡಿನ ಮುಂದೆ ಇಬ್ಬರೂ ಸಾಕೆನಿಸುವಷ್ಟು ಹೊತ್ತು ನಿಲ್ಲೋಣ, ಆಮೇಲೆ ಹೆಜ್ಜೆ ಹಾಕು.

ನಿನ್ನ ಎರಡೂ ಕಾಲಿಗೆ ಬಲ ಬರಲಿ ಎಂದು ಹರಸುತ್ತೇನೆ. ಒಂದಕ್ಕೆ ಹರಕೆ ಸಾಲದು, ಅದಕ್ಕೇ ಬರುತ್ತಿದ್ದೇನೆ. ಅಮ್ಮನ ಆಶೀರ್ವಾದ ಜೋರು ದನಿಯಲ್ಲಿದೆ, ಅಲ್ಲಿಗೇ ಕೇಳಿಸೀತು.

ನಿನ್ನ,
ಅಕ್ಕ

ಮ.ವಿ.: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ; ಮೇಲೆ ಬರೆಯಲು ಕೈ ಬರಲಿಲ್ಲ. ಮೊನ್ನೆ ನಾನು ಫೋನ್ ಮಾಡಿದಾಗ ನೀನು ಸ್ನಾನಕ್ಕೆ ಹೋಗಿದ್ದೆ, ಪುಟ್ಟಿ ತೆಗೆದುಕೊಂಡಳು. "ದೊಡ್ಡಮ್ಮಾ, ನಾನು ತುಂಬಾ ದಪ್ಪ ಆಗ್ಬಿಟ್ಟಿದ್ದೀನಾ?" ಎಂದಳು. ಯಾಕೆ ಮರಿ ಎಂದೆ. "ಅಮ್ಮ ಈಗ ನನ್ನ ಎತ್ಕೊಳ್ಳೋದೇ ಇಲ್ಲ." ಅದಕ್ಕೇ ತಟ್ಟೆಯಲ್ಲಿ ಅರ್ಧ ಊಟ ಬಿಡುತ್ತಿದ್ದಾಳಂತೆ. ನಿನಗೆ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಇವತ್ತಿನಿಂದ ಅವಳಿಗೆ ಹೊಟ್ಟೆ ತುಂಬ ತಿನ್ನಿಸು. ಭಾರದ ಲೆಕ್ಕ ನಾನು ನೋಡಿಕೊಳ್ಳುತ್ತೇನೆ.