ನಡುವಿನ ಸಾಲು

೧೧ ಮಾರ್ಚ್, ಮಂಗಳವಾರ

ಪ್ರೀತಿಯ ಕೂಸಿಗೆ,

ಅಪ್ಪನ ನೆನಪುಗಳು. ಈ ಕಡೆ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ಈ ಕಡೆ ‘ಎಲ್ಲರೂ’ ಅಂತ ಉಳಿದಿರುವುದು ನಾನೊಬ್ಬನೇ, ನನ್ನ ಕ್ಷೇಮವೂ ಅಷ್ಟಕ್ಕಷ್ಟೇ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಕೈನೋವಿನಿಂದ ಬರೆಯಲಾಗಲಿಲ್ಲ ಎನ್ನಬಹುದಿತ್ತು. ಆದರೆ ಎಡಗೈಯ ಕಾಯಿಲೆಗೆ ಬಲಗೈ ಯಾಕೆ ಬರೆಯುವುದನ್ನು ಬಿಟ್ಟಿತು ಎಂದು ನೀನು ಕೇಳುತ್ತೀಯ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷೆ ಮಾಡುವವಳು ನೀನು. ಎದುರಿಗೆ ಕುಳಿತವರು ಅಕ್ಷರ ಕಾಣದೆ ಊಹೆಯ ಮೇಲೆ ಓದುತ್ತಿದ್ದರೆ ತಕ್ಷಣ ಹಿಡಿದುಬಿಡುತ್ತೀಯ. ತಡವಾದದ್ದನ್ನು ಹೊಟ್ಟೆಗೆ ಹಾಕಿಕೋ.

ನೀನು ಬರೆದದ್ದು ಎರಡೇ ವಿಷಯ. ಒಂದು, ಇಲ್ಲಿರುವ ನಿನ್ನ ಪಿಯಾನೋವನ್ನು ಯಾರಿಗಾದರೂ ಕೊಟ್ಟುಬಿಡಬೇಕು. ಎರಡು, ಗುಬ್ಬಿಗೆ ಸಂಗೀತದ ಪಾಠ ಬೇಡ. ನನ್ನ ಏಳು ವರ್ಷದ ಮೊಮ್ಮಗಳು ತಟ್ಟೆ, ಬಾಗಿಲು, ನಿನ್ನ ಬೆನ್ನು, ಹೀಗೆ ಸಿಕ್ಕಿದ್ದರ ಮೇಲೆಲ್ಲ ತಾಳ ಹಾಕುತ್ತಾಳಂತೆ. ಶಾಲೆಯ ಸಂಗೀತದ ಟೀಚರ್ ನಿನ್ನನ್ನು ಕರೆಸಿ, ಮಗುವನ್ನು ಕಲಿಯಲು ಬಿಡಿ ಎಂದರಂತೆ. ನೀನು ಒಪ್ಪಲಿಲ್ಲ. ‘ಅಪ್ಪ, ನನ್ನಿಂದ ಅವಳಿಗೆ ಬಂದಿರೋದು ಏನಿದ್ರೂ ತಾಳ ತಪ್ಪೋ ಗುಣ. ನಾಳೆ ನಾಲ್ಕು ಜನದ ಮುಂದೆ ಅವಳು ನನ್ನ ಹಾಗೆ ತಲೆ ತಗ್ಗಿಸಬಾರದು. ಈಗ್ಲೇ ಚಿವುಟಿದ್ರೆ ನೋವು ಕಮ್ಮಿ’ ಎಂದು ಬರೆದಿದ್ದೀಯ. ಆ ಮಾತನ್ನು ಎಷ್ಟು ಸಲ ಓದಿದೆನೋ. ಪಾಠಕ್ಕೆ ಹೆಸರು ಕೊಡಲು ಈ ತಿಂಗಳ ಕೊನೆಯವರೆಗೆ ಮಾತ್ರ ಸಮಯವಿದೆ ಎಂದೂ ಬರೆದಿದ್ದೀಯ. ಹಾಗಾಗಿ ಇನ್ನು ಸುಮ್ಮನೆ ಕೂರುವ ಹಾಗಿಲ್ಲ.

ಮೊದಲು ಇಲ್ಲಿಯ ಸುದ್ದಿ. ಉದ್ದಣ್ಣ ಹೋದ. ತನಗಿಂತ ದಪ್ಪನೆಯ ಬೇಸ್ ತಂತಿವಾದ್ಯವನ್ನು ತಬ್ಬಿಕೊಂಡು ಮೂವತ್ತೊಂದು ವರ್ಷ ನನ್ನ ಪಕ್ಕದಲ್ಲಿ ನಿಂತವನು. ನೀನು ಚಿಕ್ಕವಳಿದ್ದಾಗ ‘ಇವಳು ನಿಮ್ಮತ್ತೆ, ನಮಸ್ಕಾರ ಮಾಡು’ ಎಂದು ಆ ವಾದ್ಯಕ್ಕೆ ನಿನ್ನ ಕೈಯಲ್ಲಿ ನಮಸ್ಕಾರ ಮಾಡಿಸುತ್ತಿದ್ದನಲ್ಲ, ಅವನೇ. ಶ್ವಾಸಕೋಶ ಕೆಟ್ಟಿತ್ತು, ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಮಣ್ಣಿಗೆ ಹೋದಾಗ ಗಿಟಾರ್ ಹಿಡಿದುಕೊಂಡು ಹೋಗಿದ್ದೆ. ಅವನ ಹೆಂಡತಿ ‘ಒಂದೇ ಒಂದು ಹಾಡು ನುಡಿಸಿಬಿಡಿ ಅಣ್ಣಾ’ ಎಂದರು. ‘ಕೈ ಆಗಲ್ಲಮ್ಮ’ ಎಂದೆ. ಪೆಟ್ಟಿಗೆಯ ಮುಚ್ಚಳ ತೆಗೆಯದೆ ವಾಪಸ್ ಹೊತ್ತು ತಂದೆ.

ಕೈಯ ವಿಷಯ ನಿನಗೆ ಯಾರೂ ಹೇಳಿರಲಾರರು. ಎಡಗೈಯ ಉಂಗುರದ ಬೆರಳು ನಾಲ್ಕು ವರ್ಷದಿಂದ ನನ್ನ ಮಾತು ಕೇಳುವುದಿಲ್ಲ. ಅಂಗಿಯ ಗುಂಡಿ ಹಾಕುವಾಗ, ಬೀಗ ತೆಗೆಯುವಾಗ ಗುಣವಂತನ ಹಾಗೆ ಇರುತ್ತದೆ. ಗಿಟಾರ್ ಹಿಡಿದರೆ ಸಾಕು, ಅಂಗೈಯೊಳಗೆ ಮುದುರಿಕೊಳ್ಳುತ್ತದೆ. ‘ಬೆರಳಿಗೆ ಏನೂ ಆಗಿಲ್ಲ, ಅದಕ್ಕೆ ಹೇಳಿ ಮಾಡಿಸೋ ಮೆದುಳಿಗೇ ಗೊಂದಲ ಆಗಿದೆ’ ಎಂದರು ಡಾಕ್ಟರು. ವಾಸಿ ಆಗುತ್ತಾ ಎಂದರೆ, ‘ಬೇರೆ ಏನಾದ್ರೂ ಕೆಲಸ ನೋಡ್ಕೊಳ್ಳಿ’ ಎಂದರು. ಅರವತ್ತೆಂಟರಲ್ಲಿ ಬೇರೆ ಕೆಲಸ! ಯಾರಿಗೂ ಹೇಳದೆ ಮೂರು ಬೆರಳಿನಲ್ಲೇ ನುಡಿಸಿದೆ. ಹತ್ತು ಸ್ವರದ ಜಾಗದಲ್ಲಿ ಮೂರು ಹಾಕಿ, ಮಿಕ್ಕದ್ದನ್ನು ಖಾಲಿ ಬಿಟ್ಟು, ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದೆ. ಪತ್ರಿಕೆಯವನೊಬ್ಬ ‘ಮೌನಕ್ಕೂ ಶ್ರುತಿ ಕೂಡಿಸಿದ ಹಿರಿಯರು’ ಎಂದು ಬರೆದ. ಉದ್ದಣ್ಣ ಅದನ್ನು ಗಟ್ಟಿಯಾಗಿ ಓದಿ, ‘ಇನ್ನೊಂದು ಬೆರಳು ಹೋಗ್ಲಿ ಕಣೋ, ಪ್ರಶಸ್ತಿನೇ ಕೊಡ್ತಾರೆ’ ಎಂದ. ಅವನ ಕಣ್ಣಿಗೆ ಮಣ್ಣೆರಚುವುದು ಯಾವತ್ತೂ ಆಗುತ್ತಿರಲಿಲ್ಲ.

ನಾವು ನುಡಿಸುತ್ತಿದ್ದ ಹೋಟೆಲಿನ ಹಾಲ್‌ನಲ್ಲೂ ನಮ್ಮ ಕಥೆ ಮುಗಿಯಿತು. ಹೊಸ ಮ್ಯಾನೇಜರ್ ಕರೆದು, ‘ಸಾರ್, ನೀವು ನುಡಿಸ್ತಿದ್ರೆ ಊಟಕ್ಕೆ ಬಂದೋರಿಗೆ ಮಾತಾಡೋಕೆ ಆಗಲ್ವಂತೆ’ ಎಂದ. ಮೂವತ್ತೊಂದು ವರ್ಷದಿಂದ ಅವರು ಮಾತಾಡುತ್ತಲೇ ಇದ್ದರಲ್ಲಪ್ಪ, ನಾವೇ ತಾನೇ ಸಹಿಸಿಕೊಂಡದ್ದು ಎನ್ನಬೇಕೆನಿಸಿತು. ನಾವು ನಿಲ್ಲುತ್ತಿದ್ದ ಮೂಲೆಯಲ್ಲಿ ಈಗ ಕೈ ತೊಳೆಯುವ ಬೇಸಿನ್ ಹಾಕಿಸಿದ್ದಾರೆ.

ಬೆಳಿಗ್ಗೆ ಎದ್ದರೆ ಮಾಡಲು ಏನೂ ಇರುವುದಿಲ್ಲ, ಕೂಸೇ. ನನ್ನಪ್ಪನ ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿಮನೆ ಹೊಲಿಯುತ್ತಾ ಕುಳಿತಿದ್ದ ಹದಿನಾಲ್ಕು ವರ್ಷದವನಿಗೆ, ಎದುರಿನ ಕ್ಷೌರದಂಗಡಿಯ ರೇಡಿಯೋದಲ್ಲಿ ಆ ಜಾಝ್ ಗಿಟಾರ್ ಕೇಳಿಸದೇ ಇದ್ದಿದ್ದರೆ ಎಂದು ಯೋಚಿಸುತ್ತೇನೆ. ಅವತ್ತು ಗಿರಾಕಿಯ ಕೋಟಿನ ಎರಡು ತೋಳನ್ನೂ ಒಂದೇ ಕಡೆಗೆ ಜೋಡಿಸಿಟ್ಟಿದ್ದೆ. ಅಪ್ಪ ಗಜಕಡ್ಡಿಯಲ್ಲಿ ಬಾರಿಸಿದ. ಹೊಲಿಗೆಯಲ್ಲಾದರೆ ತಪ್ಪಿದ್ದನ್ನು ಬಿಚ್ಚಿ ಮತ್ತೆ ಹೊಲಿಯಬಹುದು. ನಮ್ಮ ಸಂಗೀತದಲ್ಲಿ ಬಿಚ್ಚುವುದು ಅನ್ನುವುದೇ ಇಲ್ಲ. ಆ ಕ್ಷಣದಲ್ಲಿ ಹುಟ್ಟಿದ್ದನ್ನು ನುಡಿಸಬೇಕು, ನುಡಿಸಿದ್ದು ಗಾಳಿಗೆ ಹೋಯಿತು. ಅದೇ ಸುಖ ಎಂದು ಆಗ ತಿಳಿದಿದ್ದೆ.

ಈಗ ಆ ಭಾನುವಾರ ಮಧ್ಯಾಹ್ನದ ಮಾತಿಗೆ ಬರುತ್ತೇನೆ. ಹನ್ನೊಂದು ವರ್ಷದಲ್ಲಿ ನಾವಿಬ್ಬರೂ ಒಮ್ಮೆಯೂ ಅದನ್ನು ಎತ್ತಲಿಲ್ಲ. ನಿನಗೆ ಇಪ್ಪತ್ತನಾಲ್ಕು, ನಮ್ಮ ತಂಡದಲ್ಲಿ ಪಿಯಾನೋಗೆ ಕುಳಿತು ಎರಡು ವರ್ಷವಾಗಿತ್ತು. ರೆಕಾರ್ಡ್ ಕಂಪನಿಯ ಯಜಮಾನರು ನಮ್ಮನ್ನು ಕೇಳಲೆಂದೇ ಬಂದು ಮೂರನೇ ಮೇಜಿನಲ್ಲಿ ಕುಳಿತಿದ್ದರು. ನಾವು ಎತ್ತಿಕೊಂಡದ್ದು ನಾನೇ ಕಟ್ಟಿದ ಹಾಡು. ಮೊದಲ ಸಾಲು ಎರಡು ಸಲ, ಆಮೇಲೆ ನಡುವಿನ ಸಾಲು, ಮತ್ತೆ ಮೊದಲ ಸಾಲು, ಅಷ್ಟೇ ಅದರ ಕಟ್ಟು. ಒಬ್ಬರು ಮನೋಧರ್ಮಕ್ಕೆ ಬಿಟ್ಟುಕೊಂಡು ನುಡಿಸುವಾಗ ಹಾಡಿನ ರಾಗ ಯಾರ ಕೈಯಲ್ಲೂ ಇರುವುದಿಲ್ಲ. ಯಾವ ಸಾಲಿನಲ್ಲಿದ್ದೇವೆ ಎಂದು ಎಲ್ಲರೂ ಮನಸ್ಸಿನಲ್ಲೇ ಎಣಿಸಿಕೊಂಡಿರಬೇಕು. ತಂಡಕ್ಕೆ ನಾನು ಹಾಕಿಕೊಟ್ಟ ನಿಯಮವೂ ನಿನಗೆ ನೆನಪಿರಬಹುದು: ಒಬ್ಬ ದಾರಿ ತಪ್ಪಿದರೆ ಮಿಕ್ಕವರೂ ಅವನ ಹಿಂದೆಯೇ ಹೋಗಿಬಿಡಿ, ಎಲ್ಲರೂ ಕೂಡಿ ತಪ್ಪಿದರೆ ಕೇಳುವವರಿಗೆ ತಪ್ಪೇ ಕಾಣಿಸುವುದಿಲ್ಲ.

ನೀನು ಕಣ್ಣು ಮುಚ್ಚಿ ನುಡಿಸುತ್ತಿದ್ದೆ. ಅಷ್ಟು ಚೆನ್ನಾಗಿ ನೀನು ಯಾವತ್ತೂ ನುಡಿಸಿರಲಿಲ್ಲ. ನಾನು, ಉದ್ದಣ್ಣ, ಡ್ರಮ್ಮಿನವನು, ಮೂವರೂ ನಡುವಿನ ಸಾಲಿಗೆ ತಿರುಗಿದೆವು, ನೀನು ಮೊದಲ ಸಾಲಿನಲ್ಲೇ ಉಳಿದೆ. ಸ್ವರಕ್ಕೆ ಸ್ವರ ಹೊಡೆದಾಡಿ ಹಾಲ್‌ನಲ್ಲಿ ಚಮಚಗಳ ಸದ್ದೂ ನಿಂತಿತು. ನೀನು ಬೆದರಿ ಕೈ ಎತ್ತಿಬಿಟ್ಟೆ. ಹಾಡು ಮುಗಿದ ಮೇಲೆ, ‘ಅಪ್ಪ, ನಾನು ಎಣಿಸ್ತಾನೇ ಇದ್ದೆ’ ಎಂದೆ. ನಾನು ಮೂರನೇ ಮೇಜಿಗೂ ಕೇಳುವ ಹಾಗೆ, ‘ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ’ ಎಂದೆ. ಜನ ನಕ್ಕರು. ನೀನೂ ನಗಲು ನೋಡಿದೆ. ‘ಮೂರು ಜನ ಒಂದು ಕಡೆ, ನೀನೊಬ್ಬಳು ಒಂದು ಕಡೆ. ನಿನಗೆ ತಾಳದ ಜ್ಞಾನವೇ ಇಲ್ಲ’ ಎಂದು ಒಳಗೆ ಬಂದ ಮೇಲೂ ಅಂದೆ. ಮರುದಿನ ನೀನು ಪಿಯಾನೋದ ಮುಚ್ಚಳ ಹಾಕಿ, ಮೇಲೆ ಇಸ್ತ್ರಿ ಬಟ್ಟೆ ಜೋಡಿಸಿಟ್ಟೆ. ಆಮೇಲೆ ಅದರ ಹತ್ತಿರ ಸುಳಿಯಲಿಲ್ಲ.

ನಿನ್ನಮ್ಮ ತೀರಿಕೊಂಡ ವರ್ಷ, ಮಂಚಕ್ಕೆ ಒರಗಿ ಕುಳಿತು ಕೇಳಿದಳು: ‘ನಿಜ ಹೇಳಿ, ಕೂಸಿಗೆ ತಾಳ ಇರ್ಲಿಲ್ವಾ?’ ‘ಇರ್ಲಿಲ್ಲ’ ಎಂದೆ. ‘ಹೊಟ್ಟೇಲಿದ್ದಾಗ್ಲೇ ನಿಮ್ಮ ಗಿಟಾರಿಗೆ ಸರಿಯಾಗಿ ಒದೀತಿದ್ಲಲ್ರೀ’ ಎಂದು ಗೋಡೆಯ ಕಡೆ ತಿರುಗಿದಳು.

ಅಷ್ಟು ಜನರೆದುರು ಹಾಗೆ ಹಂಗಿಸಿದ್ದು ನನ್ನ ತಪ್ಪು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕ್ಷಮಿಸು ಎಂದು ಕೇಳಲು ಹನ್ನೊಂದು ವರ್ಷ ತೆಗೆದುಕೊಂಡವನಿಗೆ ಕ್ಷಮೆ ಸಿಗಬೇಕಾಗಿಲ್ಲ. ಪಿಯಾನೋವನ್ನು ಮಾತ್ರ ನಾನು ಯಾರಿಗೂ ಕೊಡುವುದಿಲ್ಲ, ನನ್ನ ಕಾಲಾನಂತರ ನೀನು ಏನಾದರೂ ಮಾಡಿಕೋ. ಮಗುವನ್ನು ಪಾಠಕ್ಕೆ ಸೇರಿಸು. ತಾಳ ತಪ್ಪದವರು ಯಾರಿದ್ದಾರೆ? ಎಡವಿದರೆ ಎದ್ದು ನಡೆಯುತ್ತದೆ.

ನಿನ್ನ ಯಜಮಾನರಿಗೆ ನನ್ನ ನೆನಪು ತಿಳಿಸು. ಗುಬ್ಬಿಯ ಎರಡೂ ಅಂಗೈಗೆ ಒಂದೊಂದು ಮುತ್ತು. ನಿನ್ನ ಮನೆಯಲ್ಲಿ ಸದಾ ಗಲಾಟೆ ಇರಲಿ, ಊಟದ ಹೊತ್ತಿಗೆ ಯಾವ ಕುರ್ಚಿಯೂ ಖಾಲಿ ಇಲ್ಲದಿರಲಿ, ನನ್ನ ಆಯುಸ್ಸಿನಲ್ಲಿ ಉಳಿದದ್ದು ಏನಾದರೂ ಇದ್ದರೆ ಅದು ನಿಮಗೇ ಸೇರಲಿ.

ಇತಿ,
ನಿನ್ನ ಅಪ್ಪ

ತಾ. ಕ.: ಕಾಗದವನ್ನು ಲಕೋಟೆಗೆ ಹಾಕಿ, ಅಂಟಿಸಿ, ಅಂಚೆ ಡಬ್ಬಿಯ ತನಕ ಹೋಗಿ ವಾಪಸ್ ಬಂದಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ದೊಡ್ಡ ಸುಳ್ಳಿದೆ. ಹಾಗೇ ಕಳಿಸಿದರೆ ಮಗುವಿಗೂ ಅದೇ ಸುಳ್ಳನ್ನು ಕೊಟ್ಟ ಹಾಗಾಗುತ್ತದೆ.

ಅವತ್ತು ದಾರಿ ತಪ್ಪಿದ್ದು ನಾನು. ನಿನ್ನ ವಾದನ ಕೇಳುತ್ತಾ ಎಣಿಕೆ ಮರೆತೆ. ಎರಡು ಸಲ ಬರಬೇಕಾದ ಮೊದಲ ಸಾಲನ್ನು ಒಂದೇ ಸಲಕ್ಕೆ ಬಿಟ್ಟು ನಡುವಿನ ಸಾಲಿಗೆ ಹಾರಿದೆ. ಉದ್ದಣ್ಣ ನನ್ನ ಮುಖ ನೋಡಿದ, ನಿಯಮದ ಪ್ರಕಾರ ನನ್ನ ಹಿಂದೆಯೇ ಬಂದ. ಡ್ರಮ್ಮಿನವನು ಹೊಸಬ, ನಮ್ಮಿಬ್ಬರನ್ನು ನೋಡಿ ಅವನೂ ಬಂದ. ಕಣ್ಣು ಮುಚ್ಚಿದ್ದ ನೀನೊಬ್ಬಳೇ ಇರಬೇಕಾದ ಜಾಗದಲ್ಲಿ ಇದ್ದೆ. ಇದು ಆಮೇಲೆ ಹೊಳೆದದ್ದಲ್ಲ. ನೀನು ಕೈ ಎತ್ತುವ ಮೊದಲೇ ನನಗೆ ಗೊತ್ತಾಗಿತ್ತು. ಮೂರನೇ ಮೇಜಿನವರ ಕಣ್ಣಿನಲ್ಲಿ ಚಿಕ್ಕವನಾಗಬಾರದೆಂದು ನಿನ್ನ ಮೇಲೆ ಹೊರಿಸಿದೆ. ರೆಕಾರ್ಡು ಬಂತು. ಬೇರೆ ಯಾರೋ ಪಿಯಾನೋ ನುಡಿಸಿದರು.

ಆಸ್ಪತ್ರೆಯಲ್ಲಿ ಉದ್ದಣ್ಣ ಮೂಗಿನ ಕೊಳವೆ ಸರಿಸಿ, ‘ಹುಡುಗಿಗೆ ಹೇಳಿದ್ಯೇನೋ?’ ಎಂದು ಕೇಳಿದ. ‘ಹೇಳಿದ್ದೀನಿ’ ಎಂದೆ. ಅವನು ‘ಸದ್ಯ’ ಎಂದ. ನಿನ್ನಮ್ಮನಿಗೂ, ಅವನಿಗೂ, ಇಬ್ಬರಿಗೂ ಸಾಯುವ ಹೊತ್ತಿನಲ್ಲಿ ಸುಳ್ಳು ಹೇಳಿದ್ದೇನೆ.

ಮಗುವಿಗೆ ನಿನ್ನಿಂದ ಬಂದಿರುವುದು ತಾಳವೇ, ಕೂಸೇ. ‘ಅಯ್ಯೋ, ನಾನೇ ತಪ್ಪಿದೆ’ ಎಂದು ಅವತ್ತು ಒಂದು ಮಾತು ಅಂದಿದ್ದರೆ ಎಲ್ಲರೂ ನಕ್ಕು ಮುಂದಿನ ಹಾಡಿಗೆ ಹೋಗುತ್ತಿದ್ದೆವು. ನಾನು ಅನ್ನಲಿಲ್ಲ. ನೀನು ನುಡಿಸುವುದನ್ನು ಬಿಟ್ಟೆ. ಮುಚ್ಚಿದ ಆ ಪಿಯಾನೋವನ್ನು ದಿನಾ ನೋಡುತ್ತಲೇ ನಾನು ಇನ್ನೂ ಹತ್ತು ವರ್ಷ ನುಡಿಸಿದೆ.