ಕರೆದಾಗ ಮಾತ್ರ ಏಳುವ ದನಿ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ನಿನ್ನ ಅಮ್ಮನ ಮಂಡಿನೋವು ಇಳಿಯಿತೇ? ನಮ್ಮ ಮೊಮ್ಮಗಳು ಗುಂಡಮ್ಮ ಹೊಸ ಶಾಲೆಗೆ ಹೊಂದಿಕೊಂಡಳೇ, ಇಲ್ಲ ಇನ್ನೂ ಗೇಟಿನಲ್ಲಿ ನಿನ್ನ ಕೈ ಬಿಡುವುದಿಲ್ಲವೇ? ನಾನು ಗಟ್ಟಿಯಾಗಿದ್ದೇನೆ. ನಿನ್ನ ಅತ್ತೆಯ ವಿಷಯವೇ ಬರೆಯಬೇಕಾದದ್ದು.

ಬೆಳಿಗ್ಗೆ ಬಿ.ಪಿ. ಗುಳಿಗೆಯ ಹೊತ್ತಿಗೆ ಅವಳ ಫೋನಿಗೆ "ಅಮ್ಮಾ, ಗುಳಿಗೆ ನುಂಗಿದ್ಯಾ? ಸುಳ್ಳು ಹೇಳ್ಬೇಡ" ಎಂದು ತನ್ನ ದನಿ ಬರುವಂತೆ ನಿನ್ನ ಗಂಡ ಮಾಡಿಟ್ಟಿದ್ದನಲ್ಲ, ಅವನು ತೀರಿಕೊಂಡ ಮೇಲೂ ಅದು ಬರುತ್ತಲೇ ಇತ್ತು. ಹೋದ ತಿಂಗಳು ನಿಂತಿತು. ಅವನು ಅದನ್ನು ಓಡಿಸುತ್ತಿದ್ದ ಬಾಡಿಗೆ ಸರ್ವರಿನವರು, ಹಣ ಕಟ್ಟುವವರಿಲ್ಲವೆಂದು ಖಾತೆ ಮುಚ್ಚಿದರಂತೆ. ಇವಳು ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಫೋನ್ ನೋಡುತ್ತಾ ಕೂರುತ್ತಾಳೆ, ನುಂಗುವುದಿಲ್ಲ. ನಾನು ಹೇಳಿದರೆ "ನಿಮ್ಮ ದನಿ ದಿನಾ ಇದ್ದದ್ದೇ" ಎನ್ನುತ್ತಾಳೆ.

ಅದಕ್ಕೇ ಅವನ ಲಿನಕ್ಸ್ ಕಂಪ್ಯೂಟರಿನ ಮುಂದೆ ಕೂತೆ. "ಗಡಿಯಾರದ ಹಾಗೆ ಬಿಚ್ಚಿ, ಕೊನೆಗೊಂದು ಸ್ಕ್ರೂ ಉಳಿಸ್ಕೋಬೇಡಿ" ಎಂದಳು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನಿಗೆ ಮನೆಯಲ್ಲಿರುವ ಮರ್ಯಾದೆ ಇಷ್ಟು. ಆ ದನಿ ಮತ್ತೆ ಬರಲು ಅದರಲ್ಲಿ ಹಾಕಬೇಕಿದ್ದ ತಂತ್ರಾಂಶ ಸರ್ವರ್‌ಲೆಸ್ ಫ್ರೇಮ್‌ವರ್ಕ್. ಹೆಸರು ಹಾಗಿದ್ದರೂ ಸರ್ವರ್ ಇಲ್ಲವೆಂದಲ್ಲ, ಈಗ ನಮ್ಮ ಮೇಜಿನ ಮೇಲಿನದೇ ಸರ್ವರ್. ಒಂದೊಂದು ಸಣ್ಣ ಕೆಲಸಕ್ಕೆ ಒಂದೊಂದು ಫಂಕ್ಷನ್, ಅಂದರೆ ಪುಟ್ಟ ಪ್ರೋಗ್ರಾಂ. ಕರೆದಾಗ ಎದ್ದು, ಕೆಲಸ ಮುಗಿಸಿ ಮಲಗುತ್ತದೆ. ನೀನು ಕೊಟ್ಟಿದ್ದ ಪಾಸ್‌ವರ್ಡ್ ಒತ್ತಿದರೆ ಪರದೆಯಲ್ಲಿ ಒಂದು ಚುಕ್ಕೆಯೂ ಮೂಡಲಿಲ್ಲ. ಕೀಬೋರ್ಡ್ ಕೆಟ್ಟಿದೆಯೆಂದು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದ್ದೂ ಆಯಿತು. ಮೂಡದಿರುವುದೇ ಅದರ ಪದ್ಧತಿಯಂತೆ. ಆಮೇಲೆ ಅನುಮತಿ ಇಲ್ಲವೆಂದು ಹಟ ಹಿಡಿಯಿತು. ಲಾಗ್‌ಔಟ್ ಆಗಿ ಮತ್ತೆ ಒಳಗೆ ಬಂದರೆ ತೆಪ್ಪಗಾಯಿತು. ಗುರುವಾರ, ಅವನ ಫೋಲ್ಡರಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಸೇರಿಸಿ, ಕರೆದು ನೋಡಿದೆ. ಅಡುಗೆಮನೆಯಲ್ಲಿ ಅವಳ ಫೋನ್ ಮಾತಾಡಿತು. ನಲ್ಲಿಯ ಸದ್ದು ನಿಂತಿತು. "ನುಂಗ್ತೀನಿ ಕಣೋ, ತಾಳು" ಎಂದಳು. ಸ್ವಲ್ಪ ಹೊತ್ತು ನಾನು ಆ ಕಡೆ ಹೋಗಲಿಲ್ಲ.

ನಿನ್ನ ಅಮ್ಮನಿಗೆ ನಮಸ್ಕಾರ ಹೇಳು. ಗುಂಡಮ್ಮನ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮಾವ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಫೋಲ್ಡರಿನಲ್ಲಿ ಎರಡು ಫಂಕ್ಷನ್ ಇದ್ದವು. ಎರಡನೆಯದು ನಿನಗೆಂದು ಮಾಡಿದ್ದು. ಯಾವ ಹೊತ್ತಿಗೆ ಏಳಬೇಕೆಂದು ಗೊತ್ತುಮಾಡುವಷ್ಟರಲ್ಲಿ ಅವನೇ ಇರಲಿಲ್ಲ. ಯಾರಿಗೆಂದು ತಿಳಿಯದೆ ಅದನ್ನೂ ಕರೆದುಬಿಟ್ಟೆ. ಗುರುವಾರ ನಿನ್ನ ಕೆಲಸದ ನಡುವೆ "ಬಸ್ ಸಿಕ್ತಾ? ಮನೆ ಮುಟ್ಟಿದ್ಮೇಲೆ ಒಂದ್ಮಾತು ಹೇಳು" ಎಂದು ಅವನ ದನಿ ಬಂದದ್ದು ಅದರಿಂದಲೇ. ಅಂದಿನಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಅದನ್ನು ನಿಲ್ಲಿಸಿದ್ದೇನೆ, ಅಳಿಸಿಲ್ಲ, ಅಳಿಸಲು ನಾನ್ಯಾರು? ಸಂಜೆ ನೀನು ಮನೆ ಸೇರುವ ಹೊತ್ತಿಗೆ ಬರಲಿ ಎನ್ನುತ್ತೀಯೋ, ಬೇಡವೆನ್ನುತ್ತೀಯೋ, ಒಂದು ಸಾಲು ಸಾಕು. ಬೇಗ ಬರೆಯಮ್ಮ.